ಹೊಕ್ಕುಳಿಗೆ ನಾಲೆ ನೀರು

ಮೊದಲು ಚಾಪೆ ಹಾಸುವುದನ್ನು ಕಲಿಯಿರಿ. ನಗಬೇಡಿ. ನಾನು ನೋಡಿದ ತೊಂದರೆಗಳಲ್ಲಿ ಅರ್ಧ ಚಾಪೆಯಿಂದಲೇ ಬಂದವು. ಹತ್ತಿ ಹಾಸಿಗೆ ಮೇಲೆ ಮಲಗಿಸಿದರೆ ಸೊಂಟ ಹಳ್ಳಕ್ಕೆ ಇಳಿಯುತ್ತದೆ. ಬರೀ ಗಾರೆ ನೆಲದ ಮೇಲೆ ಮಲಗಿಸಿದರೆ ಬೆನ್ನುಮೂಳೆಯ ಮಣಿಗಳು ಒತ್ತಿ ನೋಯುತ್ತವೆ. ಈಚಲು ಚಾಪೆ, ಅದರ ಮೇಲೆ ಎರಡು ಮಡಿಕೆ ಕಂಬಳಿ, ಅದರ ಮೇಲೆ ಒಗೆದ ಪಂಚೆ. ಇಷ್ಟಿದ್ದರೆ ಸಾಕು.

ನಮ್ಮ ಕಾಲದಲ್ಲಿ ಇದಕ್ಕೆ ಚಾಪೆ ಕೆಲಸ ಅನ್ನುತ್ತಿದ್ದೆವು. ಈಗ ಪಿಲಾಟೀಸ್ ಅನ್ನುತ್ತಾರಂತೆ. ನನ್ನ ತಂಗಿಯ ಮೊಮ್ಮಗಳು ಮೈಸೂರಿನಲ್ಲಿ ಅದನ್ನು ಕಲಿತು ಬಂದು ನಡುಮನೆಯಲ್ಲಿ ಮಲಗಿ ಮಾಡಿ ತೋರಿಸಿದಳು. ನೋಡಿದರೆ ಎಲ್ಲಾ ಅದೇ. ಉಸಿರು ಅದೇ, ಹೊಟ್ಟೆ ಅದೇ, ಕಾಲೆತ್ತುವುದೂ ಅದೇ. ಚಾಪೆ ಮಾತ್ರ ರಬ್ಬರಿನದು. ಅವಳೂ ಅವಳ ಜೊತೆಯ ಮೂವರು ಹುಡುಗಿಯರೂ ಇದೇ ಕೆಲಸಕ್ಕೆ ಇಳಿಯುತ್ತಿದ್ದಾರೆ. ನಿನಗೆ ಗೊತ್ತಿರುವುದನ್ನು ಬರೆದುಕೊಡು ಅಜ್ಜಿ ಅಂತ ಹಟ ಹಿಡಿದರು. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಗೊತ್ತು, ಒತ್ತಕ್ಷರ ಕೈಕೊಡುತ್ತದೆ. ಕಾಗುಣಿತ ನೀನೇ ತಿದ್ದಿಕೋ, ಮಾತು ತಿದ್ದಬೇಡ ಅಂತ ಮೊಮ್ಮಗಳಿಗೆ ಹೇಳಿದ್ದೇನೆ.

ಯಾಕೆಂದರೆ ಈ ಕೆಲಸದಲ್ಲಿ ಮಾತೇ ಮುಖ್ಯ. ಮೈಯನ್ನು ನೀವು ಎತ್ತುವುದಿಲ್ಲ, ಎದುರಿಗೆ ಮಲಗಿದವಳು ಎತ್ತುತ್ತಾಳೆ. ನಿಮ್ಮ ಕೈಯಲ್ಲಿರುವುದು ಮಾತು ಒಂದೇ. ನಾನು ಒಂದು ಮಾತು ಸರಿಯಾಗಿ ಆಡದೆ ಒಬ್ಬಳ ಗದ್ದೆ ಕೆಲಸ ಹೋಗುವುದರಲ್ಲಿತ್ತು. ನನ್ನ ಚಾಪೆ ಕೆಲಸವೂ ಹೋಗುವುದರಲ್ಲಿತ್ತು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ. ಅಲ್ಲಿಗೆ ಹೋಗುವ ಮೊದಲು ಒಂದೆರಡು ವಿಷಯ.

ನಾನು ನಾಗಮಂಗಲದ ಕಡೆಯವಳು. ಹೆಸರು ಸಾಕಮ್ಮ. ಗಂಡ ಬೇಗ ಸತ್ತ. ಅಣ್ಣನ ಮನೆಯಲ್ಲಿ ಕೂತು ಉಣ್ಣುವುದು ನನಗೆ ಆಗಲಿಲ್ಲ, ಅತ್ತಿಗೆಗೂ ಆಗಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಪಾಂಡವಪುರದ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಆಯಾ ಆಗಿ ಸೇರಿದೆ. ಆಯಾ ಆಗಿಯೇ ಬಿಟ್ಟೆ. ನಡುವೆ ಬಡ್ತಿ ಗಿಡ್ತಿ ಏನೂ ಇಲ್ಲ, ಆದ್ದರಿಂದ ಅದರ ಬಗ್ಗೆ ಬರೆಯುವ ಕಷ್ಟವೂ ಇಲ್ಲ. ಆ ಆಸ್ಪತ್ರೆ ಈಗ ಇಲ್ಲ. ಆ ಜಾಗದಲ್ಲಿ ಗೊಬ್ಬರದ ಅಂಗಡಿ ಇದೆ.

ಅಲ್ಲಿದ್ದ ಡಾಕ್ಟ್ರಮ್ಮ ಮಂಗಳೂರು ಕಡೆಯವರು. ಮದರಾಸಿನಲ್ಲಿ ಓದಿ, ಆಮೇಲೆ ಎರಡು ವರ್ಷ ಬಿಳಿಯರ ಸೀಮೆಗೆ ಹೋಗಿ ಬಂದವರು. ಅಲ್ಲಿದ್ದಾಗ ಅವರದೇ ಬೆನ್ನು ಹಿಡಿದುಕೊಂಡಿತಂತೆ. ಕುಣಿತದವರಿಗೆ ಮೈ ಪಳಗಿಸುವ ಒಬ್ಬ ಹೆಂಗಸು ಅವರಿಗೆ ಈ ಚಾಪೆ ಕೆಲಸ ಕಲಿಸಿ ಬೆನ್ನು ಬಿಡಿಸಿದಳಂತೆ. ಇಲ್ಲಿಗೆ ಬಂದ ಮೇಲೆ ಬಾಣಂತಿಯರನ್ನು ನೋಡಿದರು. ನಲವತ್ತು ದಿನ ಬೆಚ್ಚಗೆ ಮಲಗಿರುತ್ತಾರೆ, ನಲವತ್ತೊಂದನೇ ದಿನ ಎರಡು ಬಿಂದಿಗೆ ಹೊರುತ್ತಾರೆ. ಬೆನ್ನು ಬಿದ್ದುಹೋಗದೆ ಇನ್ನೇನಾಗುತ್ತದೆ. ಇವರಿಗೂ ಕಲಿಸೋಣ ಅಂತ ಹೊರಟರು.

ಮೊದಲ ದಿನವೇ ಕೆಟ್ಟಿತು. ತೋರಿಸಿಕೊಡಲು ಡಾಕ್ಟ್ರಮ್ಮ ನೆಲದ ಮೇಲೆ ಮಲಗಿದರು. ಅವರು ಕೆಳಗೆ ಮಲಗಿದ್ದು ನೋಡಿ ಮಂಚದ ಮೇಲಿದ್ದ ಬಾಣಂತಿಯರೆಲ್ಲ ಗಾಬರಿಯಿಂದ ಎದ್ದು ನಿಂತರು. ಡಾಕ್ಟ್ರಮ್ಮ ಕೆಳಗಿದ್ದರೆ ನಾವು ಮೇಲಿರುವುದು ಹೇಗೆ? ಮಲಗಿ ಅಂದರೂ ಮಲಗಲಿಲ್ಲ. ಒಬ್ಬಳಂತೂ ಕೈಮುಗಿದುಕೊಂಡು ನಿಂತಳು. ಕಸ ಗುಡಿಸುತ್ತಿದ್ದ ನನ್ನ ಕಡೆ ತಿರುಗಿ ಡಾಕ್ಟ್ರಮ್ಮ, ಸಾಕಮ್ಮ, ಪೊರಕೆ ಇಟ್ಟು ಬಂದು ಮಲಗು ಅಂದರು. ನಾನು ಮಲಗಿದೆ. ಆಯಾ ನೆಲದ ಮೇಲೆ ಮಲಗಿದರೆ ಯಾರಿಗೂ ತೊಂದರೆ ಇಲ್ಲ. ಹೀಗೆ ನಾನು ಈ ಕೆಲಸಕ್ಕೆ ಬಂದೆ.

ಮೊದಲ ಪಾಠ ಉಸಿರು. ಕಷ್ಟ ಪಡುವಾಗ ಉಸಿರು ಬಿಡಬೇಕು, ಸುಧಾರಿಸಿಕೊಳ್ಳುವಾಗ ಎಳೆದುಕೊಳ್ಳಬೇಕು. ಎಳೆದ ಉಸಿರು ಪಕ್ಕೆಲುಬಿನ ಎರಡು ಕಡೆಗೂ ಹರಡಬೇಕು, ಭುಜ ಮೇಲಕ್ಕೆ ಏಳಬಾರದು. ಇದು ಹೇಳಿದರೆ ತಿಳಿಯುವುದಿಲ್ಲ. ಭತ್ತ ಕುಟ್ಟುವಾಗ ಒನಕೆ ಕೆಳಗೆ ಬೀಳುತ್ತಲೇ ಉಸ್ಸು ಅನ್ನಲ್ವಾ, ಹಾಗೆ ಅಂದೆ. ಎಲ್ಲರಿಗೂ ಒಂದೇ ಸಲಕ್ಕೆ ಬಂತು. ಈಗಿನವರು ಒನಕೆ ನೋಡಿಲ್ಲ. ನೀವು ಬೇರೆ ಏನಾದರೂ ಹುಡುಕಿಕೊಳ್ಳಿ.

ಎಣಿಕೆಯಲ್ಲಿ ನಾನು ತಪ್ಪು ಮಾಡಿದೆ. ರಾಗಿ ಅಳೆಯುವಾಗ ನಮ್ಮ ಕಡೆ ಒಂದು ಅನ್ನುವುದಿಲ್ಲ, ಮೊದಲ ಅಳತೆಗೆ ಲಾಭ ಅನ್ನುತ್ತೇವೆ. ಅದೇ ಅಭ್ಯಾಸದಲ್ಲಿ ಕಾಲೆತ್ತಿಸುವಾಗಲೂ ಲಾಭ, ಎರಡು, ಮೂರು ಅಂತ ದಬದಬ ಎಣಿಸುತ್ತಿದ್ದೆ. ಹೆಂಗಸರು ಎಣಿಕೆಗೆ ಹೆದರಿ ಉಸಿರು ಹಿಡಿದು ಕಾಲು ಒದರುತ್ತಿದ್ದರು. ಡಾಕ್ಟ್ರಮ್ಮ ಎರಡು ದಿನ ನೋಡಿ, ಇದರಲ್ಲಿ ಲಾಭ ಯಾರಿಗೆ ಸಾಕಮ್ಮ ಅಂತ ಕೇಳಿದರು. ಅವತ್ತಿನಿಂದ ಎಣಿಸುವುದು ಬಿಟ್ಟೆ. ಅವಳ ಉಸಿರು ಎಷ್ಟು ಉದ್ದವೋ ಕಾಲು ಅಷ್ಟು ನಿಧಾನ. ಐದು ಸಲ ಸರಿಯಾಗಿ ಮಾಡಿದರೆ ಸಾಕು, ಐವತ್ತು ಸಲ ಒದರಿದರೆ ಬೆನ್ನಿಗೆ ಕೇಡು.

ಇದನ್ನು ಶ್ರೀರಂಗಪಟ್ಟಣದ ಒಬ್ಬ ಪೈಲ್ವಾನನಿಗೆ ಹೇಳಬೇಕಾಯಿತು. ಅವನ ಹೆಂಡತಿ ನಮ್ಮಲ್ಲಿ ಹೆತ್ತಿದ್ದಳು. ನೋಡಲು ಬಂದವನು ಬಾಗಿಲಲ್ಲಿ ನಿಂತು ಚಾಪೆ ಕೆಲಸ ನೋಡಿ ನಕ್ಕ. ಮಲಗಿಕೊಂಡು ಮಾಡೋದೂ ಒಂದು ಕಸರತ್ತೇನವ್ವ ಅಂದ. ಡಾಕ್ಟ್ರಮ್ಮ ಜಗಲಿಯಲ್ಲಿ ಚಾಪೆ ಹಾಸಿಸಿದರು. ಅವನು ಅಂಗಿ ಬಿಚ್ಚಿ ಮೀಸೆ ತೀಡಿಕೊಂಡು ಮಲಗಿದ. ಅವನ ಸೊಂಟದ ಕೆಳಗೆ ನನ್ನ ಅಂಗೈ ಇಟ್ಟೆ. ಎರಡು ಕಾಲನ್ನೂ ಎತ್ತಿ ಮೆಲ್ಲಗೆ ಇಳಿಸು, ನನ್ನ ಕೈ ಮೇಲಿನ ಭಾರ ಕಡಿಮೆಯಾಗಬಾರದು, ಉಸಿರು ನಿಲ್ಲಬಾರದು ಅಂದೆ. ಮೊದಲನೇ ಸಲಕ್ಕೇ ಸೊಂಟ ಕಮಾನಿನಂತೆ ಎದ್ದಿತು. ಮತ್ತೆ ಹೇಳಿಕೊಟ್ಟೆ. ಮೂರನೆಯದಕ್ಕೆ ಹೊಟ್ಟೆ ನಡುಗಿತು, ಐದನೆಯದಕ್ಕೆ ಮೀಸೆಯೂ ನಡುಗಿತು.

"ಸಾವ್ರ ಬಸ್ಕಿ ಒಡ್ದಿವ್ನಿ ಕಣವ್ವ, ಯಾವತ್ತೂ ಇಂಗೆ ನಡುಗಿರ್ನಿಲ್ಲ," ಅಂದ ಎದ್ದು ಕೂತು. ಅವನ ಹೆಂಡತಿ ಒಳಗಿನಿಂದ ಕಿಸಕ್ಕನೆ ನಕ್ಕಳು. ಆಮೇಲೆ ಹೆಂಡತಿಯನ್ನು ನೋಡುವ ನೆಪದಲ್ಲಿ ದಿನವೂ ಬಂದು ಜಗಲಿಯಲ್ಲಿ ಮಲಗುತ್ತಿದ್ದ. ಗರಡಿಮನೆಯಲ್ಲಿ ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸಿಕೊಂಡ. ಈಗ ಬರೆದುಬಿಟ್ಟೆ.

ಕಲಿಸುವವಳು ಕಲಿಯಲೂ ಬೇಕು. ಗಂಜಾಂನಿಂದ ಜಟಕಾ ಸಾಬರ ಹೆಂಡತಿ ಮೆಹಬೂಬಿ ಅಂತ ಬರುತ್ತಿದ್ದಳು. ಬೆನ್ನು ಗೂನು ಮಾಡದೆ ಸೊಂಟದ ಕೀಲಿನಿಂದ ಬಗ್ಗುವುದನ್ನು ಡಾಕ್ಟ್ರಮ್ಮ ಎಷ್ಟು ಸಲ ಹೇಳಿದರೂ ಯಾರಿಗೂ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ಮೆಹಬೂಬಿ ಒಂದೇ ಸಲಕ್ಕೆ ಬಗ್ಗಿ ಹಲಗೆಯಂತೆ ನಿಂತಳು. "ನಾವು ನಮಾಜ್‌ನಲ್ಲಿ ಬಗ್ತೀವಲ್ಲ ಆಪಾ, ಬೆನ್ನ ಮೇಲೆ ಬಟ್ಲು ಇಟ್ರೂ ನೀರು ಚೆಲ್ಬಾರ್ದು ಅಂತ ನಮ್ಮಮ್ಮ ಹೇಳ್ತಿದ್ರು. ಅದೇ ಅಲ್ವಾ ಇದು?" ಅಂದಳು. ಅದೇ. ಅವತ್ತು ನಾನು ಅವಳ ಪಕ್ಕದಲ್ಲಿ ನಿಂತು ಕಲಿತೆ. ನನ್ನ ಬೆನ್ನ ಮೇಲೆ ಅವಳು ನಿಜವಾಗಿಯೇ ಬಟ್ಟಲು ಇಟ್ಟಳು. ಎರಡು ಸಲ ಸೀರೆ ನೆನೆಯಿತು, ಮೂರನೇ ಸಲ ಬಟ್ಟಲು ನಿಂತಿತು.

ಗುಂಪು ಕಟ್ಟಿಕೊಂಡು ಕಲಿಸಬೇಡಿ. ಎಪ್ಪತ್ತರ ದಶಕದಲ್ಲಿ ಕೆ.ಆರ್. ಪೇಟೆಯಲ್ಲಿ ಒಂದು ಶಿಬಿರ ಮಾಡಿದರು. ಆರು ಜನಕ್ಕಿಂತ ಹೆಚ್ಚು ಬೇಡ ಅಂದೆ. ಸಂಘಟಕರು ಕೇಳಲಿಲ್ಲ, ಐವತ್ತು ಹೆಂಗಸರನ್ನು ಜಮಖಾನದ ಮೇಲೆ ಮಲಗಿಸಿ ನನ್ನ ಕೈಗೆ ಮೈಕು ಕೊಟ್ಟರು. ಉಸಿರು ಬಿಡಿ ಅಂದೆ. ಐವತ್ತು ಜನವೂ ಸ್ಕೂಲು ಮಕ್ಕಳ ಹಾಗೆ ಬಿಟ್ವೀ ಅಂತ ಕೂಗಿದರು. ಕೂಗಲು ಉಸಿರು ಬೇಕಲ್ಲ, ಬಿಟ್ಟಿದ್ದೆಲ್ಲಿ ಬಂತು? ಮೈಕು ಕೆಳಗಿಟ್ಟು ಒಬ್ಬೊಬ್ಬರ ಪಕ್ಕೆ ಮುಟ್ಟಿ ನೋಡುತ್ತಾ ಹೊರಟೆ. ಹದಿನೈದನೆಯವಳ ಹತ್ತಿರ ಬರುವಷ್ಟರಲ್ಲಿ ಉಳಿದವರು ನಿದ್ದೆ ಹೋಗಿದ್ದರು. ಪಾಪ, ಹಗಲು ಹೊತ್ತು ಮಲಗುವ ಪುಣ್ಯ ಅವರಿಗೆ ಇನ್ನೆಲ್ಲಿ ಸಿಗುತ್ತಿತ್ತು.

ಈಗ ನನ್ನ ತಪ್ಪಿನ ವಿಷಯ. ಇದು ಶಿಬಿರಕ್ಕಿಂತ ತುಂಬಾ ಹಿಂದಿನದು, ನಾನು ಕಲಿಸಲು ಶುರು ಮಾಡಿ ಮೂರು ನಾಲ್ಕು ವರ್ಷ ಆಗಿದ್ದಾಗಿನದು.

ಈ ಕೆಲಸಕ್ಕೆಲ್ಲ ಬುಡ ಹೊಟ್ಟೆ. ಕಾಲೆತ್ತಲಿ, ಬಗ್ಗಲಿ, ಬಿಂದಿಗೆ ಹೊರಲಿ, ಮೊದಲು ಹೊಟ್ಟೆಯ ಒಳಗಿನ ಮಾಂಸದ ಪಟ್ಟಿ ಬಿಗಿಯಾಗಬೇಕು, ಆಮೇಲೆ ಕೈಕಾಲು ಆಡಬೇಕು. ಡಾಕ್ಟ್ರಮ್ಮ ಇದಕ್ಕೆ ಪುಸ್ತಕದ ಮಾತು ಹೇಳುತ್ತಿದ್ದರು, "ಹೊಕ್ಕುಳನ್ನು ಬೆನ್ನುಮೂಳೆಯ ಕಡೆಗೆ ಸೆಳೆದುಕೊಳ್ಳಿ." ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಬ್ಬಳು ಹೊಕ್ಕುಳಿಗೆ ಬೆರಳು ಹಾಕಿಕೊಂಡು ಕೂತಳು. ನಾನು ಆ ಉದ್ದ ಮಾತನ್ನು ಕತ್ತರಿಸಿ ಹೊಟ್ಟೆ ಕಟ್ಟು ಅಂತ ಮಾಡಿದೆ. ಹೇಳುತ್ತಾ ಅವಳ ಹೊಟ್ಟೆ ಮೇಲೆ ಎರಡು ಬೆರಳು ಒತ್ತುತ್ತಿದ್ದೆ, ಹೊಟ್ಟೆ ಒಳಕ್ಕೆ ಹೋಗುತ್ತಿತ್ತು. ನನ್ನ ಮಾತು ಡಾಕ್ಟ್ರಮ್ಮನ ಮಾತಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಜಂಬ ಬಂತು. ಕೆಲಸ ಮಾಡುತ್ತಿದ್ದದ್ದು ನನ್ನ ಬೆರಳು ಅಂತ ಹೊಳೆಯಲಿಲ್ಲ.

ಒಂದು ಸಲ ಎಚ್ಚರಿಕೆ ಸಿಕ್ಕಿತ್ತು. ನಮ್ಮ ಕಡೆ ಬಾಣಂತಿಯ ಹೊಟ್ಟೆಗೆ ಹಳೇ ಸೀರೆ ಸುತ್ತಿ ಕಟ್ಟುತ್ತಾರೆ, ಎಲ್ಲರಿಗೂ ಗೊತ್ತಿರುವುದೇ. ಕಲಿತು ಮನೆಗೆ ಹೋದ ಒಬ್ಬಳು ಹದಿನೈದು ದಿನ ಬಿಟ್ಟು ಬಂದಳು, ಕೂರಲು ಆಗುತ್ತಿಲ್ಲ, ಉಸಿರು ಮೇಲಕ್ಕೆ ಬರುತ್ತಿಲ್ಲ. ಸೆರಗು ಸರಿಸಿ ನೋಡಿದರೆ ಹೊಟ್ಟೆಗೆ ಎರಡು ಸೀರೆ ಸುತ್ತಿದ್ದಾಳೆ. ಯಾಕಮ್ಮಿ ಅಂದರೆ, ನೀನೇ ಹೊಟ್ಟೆ ಕಟ್ಟು ಅಂದೆಯಲ್ಲ ಅಂದಳು. ನಾನೂ ನರ್ಸಮ್ಮನೂ ಸೀರೆಯ ತುದಿ ಹಿಡಿದು, ಅವಳನ್ನು ಬುಗುರಿಯಂತೆ ತಿರುಗಿಸಿ ಬಿಚ್ಚಿದೆವು. ನಕ್ಕೂ ನಕ್ಕೂ ಸಾಕಾಯಿತು. ಅವತ್ತೇ ಮಾತು ಬದಲಾಯಿಸಬೇಕಿತ್ತು. ನಗುತ್ತಾ ಮರೆತೆ.

ಆಮೇಲೆ ನಿಂಗಮ್ಮ ಬಂದಳು. ಪಾಂಡವಪುರದಿಂದ ಆರು ಮೈಲಿ ದೂರದ ನಾಲೆ ಬಯಲಿನ ಹಳ್ಳಿಯವಳು. ಹನ್ನೆರಡು ಹೆಂಗಸರ ನಾಟಿ ಗುಂಪಿಗೆ ಮುಂದಾಳು. ಬದುವಿನ ಪಕ್ಕ ಮೊದಲು ನಿಂತು ಪೈರು ಊರುತ್ತಾ ಹೋಗುವವಳು ಮುಂದಾಳು. ಅವಳ ಕೈ ಎಷ್ಟು ಬೇಗವೋ ಉಳಿದವರ ಕೈ ಅಷ್ಟು ಬೇಗ. ಯಾರ ಗದ್ದೆಗೆ ಯಾವತ್ತು ಹೋಗುವುದು ಅಂತ ಹೇಳುವವಳೂ ಅವಳೇ. ಊರ ಗೌಡರು ಕೂಡ ನಾಟಿ ದಿನ ಹತ್ತಿರ ಬಂದರೆ ಅವಳ ಹೊಸಿಲ ಹತ್ತಿರ ಬಂದು ನಿಲ್ಲಬೇಕು. ಮೂರನೇ ಹೆರಿಗೆಯಾದ ಮೇಲೆ ಅವಳ ಬೆನ್ನು ಬಿದ್ದುಹೋಯಿತು. ಹಿಂದಿನ ವರ್ಷದ ನಾಟಿಯಲ್ಲಿ ಒಂದು ಪಟ ಗದ್ದೆ ಅರ್ಧ ಮುಗಿಯುವಷ್ಟರಲ್ಲೇ ಬದು ಹಿಡಿದುಕೊಂಡು ಕೂತುಬಿಟ್ಟಿದ್ದಳು. ಅವಳ ವಾರಗಿತ್ತಿ ಕಾಳಮ್ಮ, ಇನ್ನೊಂದು ನಾಟಿಗೆ ಹೀಗಾದರೆ ಮುಂದಿನ ಸಾಲು ನನ್ನದು ಅಂತ ಗುಂಪಿನ ಮುಂದೆಯೇ ಹೇಳಿದ್ದಳು.

ಡಾಕ್ಟ್ರಮ್ಮ ಅವಳನ್ನು ಮಲಗಿಸಿ, ತಲೆ ಸ್ವಲ್ಪ ಎತ್ತಿಸಿ, ಹೊಕ್ಕುಳ ಮೇಲೆ ಬೆರಳು ಇಟ್ಟರು. ಹೆರಿಗೆಯಲ್ಲಿ ಬಿಟ್ಟುಕೊಂಡ ಹೊಟ್ಟೆಯ ಎರಡು ಪಟ್ಟಿಗಳ ನಡುವೆ ಮೂರು ಬೆರಳು ಒಳಗಿಳಿದವು. ಪಟ್ಟಿ ಹತ್ತಿರ ಬಂದರೆ ಬೆನ್ನು ನಿಲ್ಲುತ್ತದೆ, ನಾಟಿಗೆ ಇನ್ನೂ ಎರಡೂವರೆ ತಿಂಗಳಿದೆ, ಮನೆಯಲ್ಲಿ ದಿನವೂ ಮಾಡಿದರೆ ಆಗುತ್ತದೆ ಅಂದರು. ನಾನು ಅರ್ಧ ದಿನ ಕೂತು ಕಲಿಸಿದೆ. ಬಸ್ಸು ಹತ್ತಿಸಲು ಹೋದೆ. ಅವಳ ಪಕ್ಕದಲ್ಲಿ ಅವಳ ಅತ್ತೆ ಕೂತಿದ್ದಳು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಹೋಗಿ ಕೂಗಿ ಹೇಳಿದೆ.

"ನಿಂಗಮ್ಮ, ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಒಟ್ಟೆ ಕಟ್ಟು ಕಣಮ್ಮಿ, ಮರೀಬ್ಯಾಡ."

ಅವಳು ತಲೆಯಾಡಿಸಿದಳು. ಅತ್ತೆಯೂ ತಲೆಯಾಡಿಸಿದಳು.

ಮೂರು ವಾರ ಬಿಟ್ಟು ಅವಳ ಗಂಡ ಬೋರೇಗೌಡ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಅವಳನ್ನು ಮಲಗಿಸಿಕೊಂಡು ಬಂದ. ಬಾವಿಯ ಹತ್ತಿರ ತಲೆ ಸುತ್ತಿ ಬಿದ್ದಿದ್ದಳಂತೆ. ಕೆನ್ನೆ ಬತ್ತಿಹೋಗಿತ್ತು, ಮಗುವಿಗೆ ಹಾಲೂ ಬತ್ತಿಹೋಗಿತ್ತು. ಏನು ತಿಂದೆ ಅಂತ ಡಾಕ್ಟ್ರಮ್ಮ ಕೇಳಿದರು.

"ಮದ್ಯಾನ ಒಂದ್ ಮುದ್ದೆ," ಅಂದಳು ನಿಂಗಮ್ಮ. "ಬೆಳಿಗ್ಗೆ ಸಂಜೆ ಒಟ್ಟೆ ಕಟ್ಟು ಅಂತ ಸಾಕಕ್ಕ ಏಳಿತ್ತಲ್ಲ. ಕಟ್ಟಿವ್ನಿ. ಒಂದಿನಾನೂ ತಪ್ಪಿಸ್ನಿಲ್ಲ."

ಊಟ ಬಿಡುವುದಕ್ಕೂ ನಮ್ಮಲ್ಲಿ ಹೊಟ್ಟೆ ಕಟ್ಟುವುದು ಅಂತಲೇ ಅನ್ನುತ್ತಾರೆ. ಮಕ್ಕಳನ್ನು ಓದಿಸಲು ಹೊಟ್ಟೆ ಕಟ್ಟಿದೆ ಅನ್ನುವುದಿಲ್ಲವೇ, ಹಾಗೆ. ನಾನೂ ನೂರು ಸಲ ಆಡಿದ ಮಾತು. ನನ್ನ ಬೆರಳು ಜೊತೆಗಿದ್ದಾಗ ಅದು ಹೊಟ್ಟೆ ಸೆಳೆಯುವ ಮಾತು, ಬಸ್ಸು ಹತ್ತಿದ ಮೇಲೆ ಅದು ಊಟದ ಮಾತಾಯಿತು. ಅತ್ತೆ ಪಾಪ ಡಾಕ್ಟ್ರಮ್ಮನ ಪಥ್ಯ ಅಂತ ನಂಬಿ, ಸೊಸೆ ಆಸೆಗೆ ಬಿದ್ದಾಳು ಅಂತ ರಾತ್ರಿಯ ರೊಟ್ಟಿಯನ್ನು ನೆಲುವಿನ ಮೇಲೆ ಇಟ್ಟು ಕಾವಲು ಕೂತಿದ್ದಳಂತೆ. ಅವಳು ಒಳ್ಳೆಯದಕ್ಕೇ ಮಾಡಿದಳು. ನಾನೂ ಒಳ್ಳೆಯದಕ್ಕೇ ಹೇಳಿದೆ. ನಡುವೆ ನಿಂಗಮ್ಮ ಒಣಗಿದಳು.

ಬೋರೇಗೌಡ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. "ನೀನು ನಮ್ಮಟ್ಟಿ ಕಡೆ ಬರ್ಬ್ಯಾಡ ಕಣವ್ವ. ಮಾತ್ನಲ್ಲೇ ಕೊಂದ್ಬುಡ್ತಿದ್ದೆ," ಅಂದ. ನಾಲ್ಕು ದಿನ ಆಸ್ಪತ್ರೆಯಲ್ಲಿಟ್ಟು ಗಂಜಿ, ಹಾಲು ಕುಡಿಸಿ ಕಳಿಸಿದೆವು. ಕಳಿಸುವಾಗ ಡಾಕ್ಟ್ರಮ್ಮ ಮತ್ತೆ ಬೆರಳು ಇಟ್ಟು ನೋಡಿದರು. ಮೂರು ಬೆರಳು ಹಾಗೆಯೇ ಇತ್ತು. ನಾಟಿಗೆ ಎರಡು ತಿಂಗಳೂ ಇರಲಿಲ್ಲ.

ಡಾಕ್ಟ್ರಮ್ಮ ನನ್ನನ್ನು ಕರೆದರು. ಬೈಯುತ್ತಾರೆ ಅಂತ ಹೋದೆ. ಬೈಯಲಿಲ್ಲ. "ಸಾಕಮ್ಮ, ಆ ಮಾತು ನಿನ್ನದು. ಅದಕ್ಕೆ ಬೇರೆ ಮಾತು ಹುಡುಕುವವರೆಗೆ ನೀನು ಚಾಪೆಯ ಹತ್ತಿರ ಬರಬೇಡ," ಅಂದರು. ನಾನು ಪೊರಕೆ ಹಿಡಿದೆ. ಚಾಪೆಯನ್ನು ನರ್ಸಮ್ಮನಿಗೆ ಕೊಟ್ಟರು. ಅವಳು ಪುಸ್ತಕದ ಉದ್ದ ಮಾತನ್ನೇ ಹೇಳುತ್ತಿದ್ದಳು, ಹೆಂಗಸರು ಮತ್ತೆ ಹೊಕ್ಕುಳಿಗೆ ಬೆರಳು ಹಾಕಿಕೊಂಡು ಕೂರುತ್ತಿದ್ದರು. ನನಗೆ ಒಳಗೊಳಗೆ ಖುಷಿಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಬೇರೆ ಮಾತು ಹುಡುಕಿದೆ. ಹೊಟ್ಟೆ ಎಳೆ ಅಂದರೆ ಎದೆ ಉಬ್ಬಿಸುತ್ತಾರೆ. ಹೊಟ್ಟೆ ಬಿಗಿ ಹಿಡಿ ಅಂದರೆ ಉಸಿರನ್ನೂ ಹಿಡಿಯುತ್ತಾರೆ. ಹೊಟ್ಟೆ ಒಳಗೆ ಹಾಕು ಅಂದರೆ ಏನನ್ನು ಅಂತ ಕೇಳುತ್ತಾರೆ. ಅಡುಗೆಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ಹೊಟ್ಟೆ ಒಳಗೆ ಹೊರಗೆ ಮಾಡುತ್ತಾ ನಿಲ್ಲುತ್ತಿದ್ದೆ. ಸಾಕಮ್ಮನಿಗೆ ಹೊಟ್ಟೆಶೂಲೆ ಅಂತ ಯಾರೋ ಓಮಿನ ಕಷಾಯ ತಂದುಕೊಟ್ಟರು. ಕುಡಿದೆ.

ಅಷ್ಟರಲ್ಲಿ ನಾಲೆಗೆ ನೀರು ಬಿಟ್ಟರು. ಬೇಸಿಗೆಯೆಲ್ಲ ಒಣಗಿರುವ ನಾಲೆ ಅದು, ನೀರು ಬಂದ ದಿನ ಊರಿಗೆ ಊರೇ ಸೋಪಾನದ ಮೆಟ್ಟಿಲ ಹತ್ತಿರ ಇರುತ್ತದೆ. ನಾನು ಆಸ್ಪತ್ರೆಯ ದುಪ್ಪಟಿಗಳನ್ನು ಒಗೆಯಲು ಹೋದೆ. ಮೆಟ್ಟಿಲು ಇಳಿದೆ. ಕಾಲಿನ ಹರಡಿಗೆ ನೀರು ಬಂತು, ಏನೂ ಇಲ್ಲ. ಮೊಣಕಾಲಿಗೆ ಬಂತು, ಏನೂ ಇಲ್ಲ. ತೊಡೆಗೆ ಬಂತು, ಸ್ವಲ್ಪ ಚಳಿಯಾಯಿತು. ಇನ್ನೊಂದು ಮೆಟ್ಟಿಲು ಇಳಿದೆ. ಹೊಸ ನೀರು ತಣ್ಣಗೆ ಹೊಕ್ಕುಳಿಗೆ ಮುಟ್ಟಿತು. ನಾನು ಏನೂ ಮಾಡಲಿಲ್ಲ. ಹೊಟ್ಟೆ ತಾನೇ ಒಳಕ್ಕೆ ಹೋಯಿತು, ಬಾಯಿಂದ ಉಸ್ಸು ಅಂತ ಉಸಿರೂ ತಾನೇ ಹೊರಟಿತು. ಭುಜ ಏಳಲಿಲ್ಲ, ಎದೆ ಉಬ್ಬಲಿಲ್ಲ. ಡಾಕ್ಟ್ರಮ್ಮ ನಾಲ್ಕು ವರ್ಷದಿಂದ ಕೇಳುತ್ತಿದ್ದದ್ದು ಇದೇ.

ಹತ್ತಿ ಮತ್ತೆ ಇಳಿದೆ. ಮತ್ತೆ ಹಾಗೇ ಆಯಿತು. ಹತ್ತಿದೆ, ಇಳಿದೆ. ಆಚೆ ದಡದಲ್ಲಿ ಎಮ್ಮೆ ತೊಳೆಯುತ್ತಿದ್ದವನು, ನೀರಿನ ಆಳ ಅಳೀತಿದ್ದೀಯೇನವ್ವ ಅಂತ ಕೂಗಿ ಕೇಳಿದ. ಅಷ್ಟರಲ್ಲಿ ಒಂದು ದುಪ್ಪಟಿ ತೇಲಿಕೊಂಡು ಹೊರಟಿತು. ಹಿಡಿಯಲು ಹೋಗಲಿಲ್ಲ. ನೆನೆದ ಸೀರೆಯಲ್ಲೇ ಆಸ್ಪತ್ರೆಗೆ ಓಡಿದೆ.

ಡಾಕ್ಟ್ರಮ್ಮನಿಗೆ ಮಲಗಿ ಅಂದೆ. ಅವರು ಬಾಗಿಲು ಹಾಕಿಸಿ ಚಾಪೆ ಮೇಲೆ ಮಲಗಿದರು. ನಾನು ಅವರನ್ನು ಮುಟ್ಟಲಿಲ್ಲ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ. "ನಾಲೆಗೆ ಇಳೀತಿದ್ದೀರ ಡಾಕ್ಟ್ರಮ್ಮ. ಹೊಸ ನೀರು, ತಣ್ಣಗೈತೆ. ಮೊಣಕಾಲು ದಾಟ್ತು. ತೊಡೆ ದಾಟ್ತು. ಈಗ ಹೊಕ್ಕುಳಿಗೆ ಮುಟ್ತು," ಅಂದೆ. ಅವರ ಹೊಟ್ಟೆ ಮೆಲ್ಲಗೆ ಒಳಕ್ಕೆ ಇಳಿಯಿತು.

ಡಾಕ್ಟ್ರಮ್ಮ ತಮ್ಮ ಹೊಟ್ಟೆಯ ಮೇಲೆ ತಾವೇ ಬೆರಳು ಇಟ್ಟು ನೋಡಿಕೊಂಡರು. "ನಮ್ಮ ಸಮುದ್ರದ ನೀರು ಬೆಚ್ಚಗಿರುತ್ತದೆ, ಸಾಕಮ್ಮ," ಅಂದರು. "ಆದರೂ ಹೋಯಿತು."

ಎದ್ದು ಕೂತು, ಚಾಪೆ ಇವತ್ತೇ ಕೊಡುವುದಿಲ್ಲ ಅಂದರು. ನಿಂಗಮ್ಮನಿಗೆ ಹೋಗಿ ಕಲಿಸು, ಅವಳು ಗದ್ದೆಗೆ ಇಳಿದ ದಿನ ನೀನು ಚಾಪೆಗೆ ಬಾ ಅಂತ ಹೇಳಿದರು.

ಮಾರನೇ ದಿನ ಮೊದಲ ಬಸ್ಸಿಗೆ ಹೋದೆ. ಬೋರೇಗೌಡ ಬಾಗಿಲಲ್ಲೇ ನಿಂತಿದ್ದ. ತಪ್ಪು ನನ್ನದು ಅಂದೆ. ಅದು ಗೊತ್ತು ಅಂದ. ಒಳಗೆ ಕರೆಯಲಿಲ್ಲ. ನಾನು ಮನೆ ಒಳಗೆ ಬರುವುದಿಲ್ಲ, ನಿನ್ನ ಹೆಂಡತಿ ನಾಲೆಗೆ ನೀರಿಗೆ ಬರುತ್ತಾಳಲ್ಲ, ಅಲ್ಲಿ ಅವಳ ಜೊತೆ ನಾನೂ ನೀರಿಗೆ ಇಳಿಯುತ್ತೇನೆ, ನಿನ್ನ ತಾಯಿ ದಡದಲ್ಲಿ ಕಾವಲು ಕೂರಲಿ ಅಂದೆ. ಅವನು ಯೋ ಅಂತ ತಲೆ ಕೆರೆದುಕೊಂಡ. ಅತ್ತೆ ಒಳಗಿನಿಂದ ಬಂದು, ನೀರಿಗೆ ಇಳಿಯೋದಕ್ಕೇನ್ಲಾ, ಇಳೀಲಿ ಬುಡು ಅಂದಳು.

ನಿಂಗಮ್ಮನನ್ನು ನೀರಿಗೆ ಇಳಿಸಿದೆ. ಹೊಕ್ಕುಳಿಗೆ ಮುಟ್ಟಿದಾಗ ಏನಾಯಿತು ನೋಡಿಕೋ ಅಂದೆ. ನೋಡಿಕೊಂಡಳು. ಮೂರು ದಿನ ನೀರಿನಲ್ಲಿ. ನಾಲ್ಕನೇ ದಿನ ದಡದಲ್ಲಿ ನಿಲ್ಲಿಸಿ, ನೀರು ಮುಟ್ಟಿತು ಅಂತ ನೆನಸಿಕೋ ಅಂದೆ. ಒಣ ನೆಲದಲ್ಲಿ ಹೊಟ್ಟೆ ಒಳಕ್ಕೆ ಹೋಯಿತು. ಐದನೇ ದಿನ ಬೋರೇಗೌಡನೇ ಹಟ್ಟಿಯಲ್ಲಿ, ಮನೆಯೊಳಗೇ, ಚಾಪೆ ಹಾಸಿದ್ದ.

ಅಲ್ಲಿಂದ ಮುಂದೆ ವಾರಕ್ಕೆ ಮೂರು ದಿನ ಹೋದೆ. ಮೊದಲು ಮಲಗಿ ಮೊಣಕಾಲು ಮಡಚಿ ಉಸಿರು. ಆಮೇಲೆ ಒಂದು ಕಾಲು ಎತ್ತುವುದು, ಸೊಂಟ ಅಲುಗಬಾರದು. ಆಮೇಲೆ ಸೊಂಟವನ್ನು ನೆಲದಿಂದ ಎತ್ತುವುದು. ಒಂದೇ ಸಲ ದಬಕ್ಕನೆ ಎತ್ತಬಾರದು, ಚಾಪೆ ಸುತ್ತುವ ಹಾಗೆ ಬೆನ್ನಿನ ಒಂದೊಂದೇ ಮಣಿ ಏಳಬೇಕು, ಇಳಿಯುವಾಗಲೂ ಒಂದೊಂದೇ ಮಣಿ. ಎರಡು ಪಟ್ಟಿ ಬಿಟ್ಟುಕೊಂಡಿರುವವಳಿಗೆ ತಲೆ ಎತ್ತುವ ಕೆಲಸ ಶುರುವಿನಲ್ಲಿ ಕೊಡಬೇಡಿ, ಹೊಟ್ಟೆ ನಡುವೆ ಗುಡ್ಡೆ ಎದ್ದಂತೆ ಉಬ್ಬುತ್ತದೆ. ಉಬ್ಬಿದರೆ ನಿಲ್ಲಿಸಿ. ಆಮೇಲೆ ಅಂಗೈ ಮೊಣಕಾಲು ಊರಿ ಹಸುವಿನಂತೆ ನಿಂತು ಒಂದು ಕೈ, ಎದುರು ಕಾಲು ಚಾಚುವುದು. ಕೊನೆಗೆ ಗಂಜಾಂನ ಮೆಹಬೂಬಿ ಕಲಿಸಿದ ಬಗ್ಗುವಿಕೆ. ನಾಟಿಗೆ ಬೇಕಾದದ್ದು ಅದೇ. ನಿಂಗಮ್ಮನ ಬೆನ್ನ ಮೇಲೆ ಹಿತ್ತಾಳೆ ಬಟ್ಟಲಲ್ಲಿ ನೀರಿಟ್ಟು ಅತ್ತೆ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಕಾವಲು ಕೂರುವುದು ಆ ಮುದುಕಿಗೆ ಚೆನ್ನಾಗಿ ಬರುತ್ತಿತ್ತು. ಹಾಗೆಯೇ ಮೂರು ಹೊತ್ತೂ ಸೊಸೆಯ ತಟ್ಟೆಯ ಮುಂದೆಯೂ ಕೂತು ಉಣ್ಣಿಸಿದಳು.

ನಾಟಿಗೆ ಪೈರು ಕೀಳುವ ಹೊತ್ತಿಗೆ ಮೂರು ಬೆರಳು ಒಂದೂವರೆಗೆ ಬಂದಿತ್ತು. ಸಾಕೋ ಸಾಲದೋ ಡಾಕ್ಟ್ರಮ್ಮನಿಗೂ ಗೊತ್ತಿರಲಿಲ್ಲ. ಗದ್ದೆಯೇ ಹೇಳಬೇಕು ಅಂದರು.

ನಾಟಿ ದಿನ ನಾನು ಹೋಗುವಷ್ಟರಲ್ಲಿ ಕಾಳಮ್ಮ ಬದುವಿನ ಪಕ್ಕ ಮೊದಲ ಜಾಗದಲ್ಲಿ ಸೀರೆ ಎತ್ತಿಕಟ್ಟಿ ನಿಂತಿದ್ದಳು. ನಿಂಗಮ್ಮ ಬಂದು ಅವಳ ಪಕ್ಕ ನಿಂತಳು.

"ಸರ್ಕೊ ಕಾಳಿ," ಅಂದಳು.

"ಓದ್ ವರ್ಸದಂಗೆ ಅರ್ಧಕ್ಕೆ ಕುಂತ್ಕಂಡ್ರೆ?" ಅಂದಳು ಕಾಳಮ್ಮ.

"ಕುಂತ್ಕಂಡ್ರೆ ನೀನೇ ನಿಂತ್ಕೊ. ನಾನೇ ಕೈಯೆತ್ತಿ ಕೊಡ್ತೀನಿ. ಈಗ ಸರ್ಕೊ."

ಕಾಳಮ್ಮ ಒಂದು ಹೆಜ್ಜೆ ಸರಿದಳು. ಅಷ್ಟೇ, ಪೂರಾ ಬಿಟ್ಟುಕೊಡಲಿಲ್ಲ. ನಿಂಗಮ್ಮ ಪೈರಿನ ಕಂತೆ ಎಡಗೈಗೆ ತೆಗೆದುಕೊಂಡಳು. ಬಗ್ಗುವ ಮೊದಲು ಒಂದು ಸಲ ನಿಂತಳು. ಉಸ್ಸು ಅಂದಳು. ಬಗ್ಗಿದಳು. ಬೆನ್ನು ಹಲಗೆಯಂತಿತ್ತು, ಬಟ್ಟಲು ಇಟ್ಟಿದ್ದರೂ ನಿಲ್ಲುತ್ತಿತ್ತು. ನಾನು ಬದುವಿನ ಮೇಲೆ ಕೂತೆ. ಕೂತರೂ ಕೂರಲಾಗಲಿಲ್ಲ, ಎದ್ದು ನಿಂತೆ. ಹಿಂದಿನ ವರ್ಷ ಅವಳು ಕುಸಿದ ಜಾಗ ಪಟದ ನಡುವೆ ಎಲ್ಲಿ ಅಂತ ಬೋರೇಗೌಡ ತೋರಿಸಿದ್ದ. ಅಲ್ಲಿಗೆ ಬಂದಾಗ ನಿಂಗಮ್ಮನ ಕೈ ನಿಂತಿತು. ಹನ್ನೊಂದು ಜನರ ಕೈಯೂ ನಿಂತಿತು. ಕಾಳಮ್ಮ ತಲೆ ಎತ್ತಿ ನೋಡಿದಳು.

"ನೀರು ಮುಟ್ತು," ಅಂದಳು ನಿಂಗಮ್ಮ, ತನಗೆ ತಾನೇ. ಮತ್ತೆ ಬಗ್ಗಿದಳು. ಕೈ ಓಡಿತು.

ಆಮೇಲೆ ಪ್ರತಿ ಸಾಲಿಗೂ ಅದನ್ನು ಅಂದಳು. ಮೂರನೇ ಪಟಕ್ಕೆ ಹೋಗುವಷ್ಟರಲ್ಲಿ ಹಿಂದಿನ ಹುಡುಗಿಯರು ಅರ್ಥ ಗೊತ್ತಿಲ್ಲದಿದ್ದರೂ ಅವಳ ಜೊತೆ ಸೇರಿ ನೀರು ಮುಟ್ತು, ನೀರು ಮುಟ್ತು ಅನ್ನುತ್ತಾ ಊರುತ್ತಿದ್ದರು. ಹೊತ್ತು ನೆತ್ತಿಗೆ ಬಂದಾಗ ಸೊಂಟಕ್ಕೆ ಕೈ ಕೊಟ್ಟು ನಿಂತವಳು ಕಾಳಮ್ಮ. ಅದೇನಮ್ಮಿ ನೀರು ನೀರು ಅಂತಿದ್ದೆ, ನನಗೂ ಹೇಳಿಕೊಡು ಅಂತ ಗೊಣಗಿದಳು. ಸಂಜೆ ಚಾಪೆ ತಗೊಂಡು ಬಾ ಅಂದಳು ನಿಂಗಮ್ಮ.

ಊಟಕ್ಕೆ ಎಲ್ಲರೂ ಬದುವಿನ ಮೇಲೆ ಕೂತೆವು. ಅತ್ತೆ ಮುದ್ದೆ, ಸೊಪ್ಪಿನ ಸಾರು ಹೊತ್ತು ತಂದಿದ್ದಳು. ನಾನು ಬಸ್ಸಿಗೆ ಹೊತ್ತಾಯಿತು, ಬೇಡ ಅಂತ ಎದ್ದೆ. ನಿಂಗಮ್ಮ ಕೆಸರು ಕೈಯಲ್ಲೇ ನನ್ನ ಸೆರಗು ಹಿಡಿದು ಕೂರಿಸಿದಳು.

"ಉಣ್ಣು ಸಾಕಕ್ಕ," ಅಂದಳು. "ಒಟ್ಟೆ ಕಟ್ಬ್ಯಾಡ."

ಎಲ್ಲರೂ ನಕ್ಕರು. ಅತ್ತೆ ಎಲ್ಲರಿಗಿಂತ ಹೆಚ್ಚು ನಕ್ಕಳು. ನಾನು ಎರಡು ಮುದ್ದೆ ಉಂಡೆ.

ಮಧ್ಯಾಹ್ನ ಆಸ್ಪತ್ರೆಗೆ ಬಂದಾಗ ನನ್ನ ಕಾಲಿನ ಕೆಸರು, ಸೆರಗಿನ ಕೆಸರು ನೋಡಿಯೇ ನಿಂಗಮ್ಮ ಗದ್ದೆಗೆ ಇಳಿದಳು ಅಂತ ಡಾಕ್ಟ್ರಮ್ಮನಿಗೆ ಗೊತ್ತಾಯಿತು. ತಾವೇ ಹೋಗಿ ಚಾಪೆ ತಂದು ಹಾಸಿ, ಮಲಗು ಸಾಕಮ್ಮ, ಇವರೆಲ್ಲ ಕಾಯುತ್ತಿದ್ದಾರೆ ಅಂದರು. ಆಗುವುದಿಲ್ಲ ಅಂದೆ. ಉಂಡು ಎರಡು ಗಂಟೆ ಚಾಪೆ ಮುಟ್ಟಬಾರದು, ನೀವೇ ಹೇಳಿಕೊಟ್ಟದ್ದು ಅಂದೆ.